ಉಗ್ರಾಣ ಹೊರಟಿದೆ

ಉಗ್ರಾಣಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಪಾದ ನೆನಪಿರುತ್ತಿತ್ತು. ಇಪ್ಪತ್ತೆರಡು ವರ್ಷ ಸೈನ್ಯದ ಉಗ್ರಾಣದಲ್ಲಿ ಕೂತು ಬೂಟು, ಕಾಲುಚೀಲ, ಕಂಬಳಿ, ಬಕೆಟ್ಟು ಹಂಚಿದವನಿಗೆ ಇನ್ನೇನು ನೆನಪಿರಬೇಕು ಹೇಳಿ. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಎಂದುಕೊಂಡಿದ್ದರು. ಅವನು ಮಾತ್ರ "ಓ, ಒಂಬತ್ತು ಅಗಲ" ಎಂದು ಪಾದದ ಅಳತೆಯಿಂದ ಗುರುತು ಹಿಡಿದು, ಆಮೇಲೆ ತಲೆಯೆತ್ತಿ ನಗುತ್ತಿದ್ದ.

ಕವಾಯತು ಮೈದಾನದ ಆಚೆ ಬದಿಗೆ ಕಾಲಾಳು ಪಡೆಯ ಬ್ಯಾರಕ್ಕುಗಳು. ಈಚೆ ಬದಿಗೆ ಉಗ್ರಾಣ, ಅಡುಗೆಮನೆ, ಗ್ಯಾರೇಜು. ಆಚೆಯವರು ಈಚೆಯವರನ್ನು ‘ನೆರಳು’ ಎಂದು ಕರೆಯುತ್ತಿದ್ದರು, ಬಿಸಿಲು ಕಾಣದವರು ಎಂಬ ಅರ್ಥದಲ್ಲಿ. ಈಚೆಯವರು ಆಚೆಯವರನ್ನು ‘ಧೂಳು’ ಎನ್ನುತ್ತಿದ್ದರು, ಒಳಗೆ ಬಂದು ಹೋದ ಮೇಲೆ ಗುಡಿಸಬೇಕು ಎಂಬ ಅರ್ಥದಲ್ಲಿ. ಉಗ್ರಾಣಿಗೆ ಮಾತ್ರ ಬೇರೆಯೇ ಹೆಸರಿತ್ತು. ಒಂದು ಸೂಜಿ ಬೇಕೆಂದರೂ ಅರ್ಜಿಯನ್ನು ಮೂರು ಪ್ರತಿ ಕೇಳುತ್ತಿದ್ದನಾದ್ದರಿಂದ ಕಾಲಾಳುಗಳು ಅವನನ್ನು ‘ಮೂರುಪ್ರತಿ’ ಎಂದೇ ಕರೆಯುತ್ತಿದ್ದರು. ಒಳ್ಳೊಳ್ಳೆ ಮಾಲನ್ನೆಲ್ಲ ತನಗೇ ಇಟ್ಟುಕೊಳ್ಳುತ್ತಾನೆ, ನಮಗೆ ಉಳಿದದ್ದು ಬಳಿದದ್ದು ಕೊಡುತ್ತಾನೆ ಎಂಬುದು ಅವರ ಗಟ್ಟಿ ನಂಬಿಕೆ. ಅವನಿಗೂ ಅವರ ಬಗ್ಗೆ ಒಂದು ನಂಬಿಕೆಯಿತ್ತು: ಕಾಲಾಳು ಎಂದರೆ ಕಂಡದ್ದನ್ನು ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳುವವನು. ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅವನ ಹೆಂಡತಿಯ ತಮ್ಮ ಅದೇ ಕಾಲಾಳು ಪಡೆಯ ಒಂದು ತುಕಡಿಯ ಮುಂದಾಳು. ಹನ್ನೊಂದನೇ ನಂಬರ್ ಪಾದ, ಮೀಸೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಭಾನುವಾರ ಅಕ್ಕನ ಮನೆಗೆ ಬಂದರೆ ಬೆಕ್ಕಿನ ಹಾಗೆ ಮೆತ್ತಗಿರುತ್ತಿದ್ದ: "ಭಾವ, ಆ ಪೇಪರ್ ಸ್ವಲ್ಪ ಕೊಡ್ತೀರಾ? ಭಾವ, ನೀವು ಕೂತ್ಕೊಳ್ಳಿ, ನೀರು ನಾನು ತರ್ತೀನಿ." ಸೋಮವಾರ ಮೈದಾನದಲ್ಲಿ ತನ್ನ ಅರವತ್ತು ಜನರ ಮುಂದೆ ಕಂಡರೋ, ಭಾವ ಯಾರು ಗೊತ್ತೇ ಇಲ್ಲ ಅನ್ನುವ ಹಾಗೆ ಮೀಸೆ ತಿರುವುತ್ತಿದ್ದ.

ಆ ವರ್ಷ ಡಿಪೋದಿಂದ ಅರವತ್ತು ಜೊತೆ ಹೊಸ ಬೂಟು ಬಂದವು. ಅವು ಬಂದ ಮರುದಿನವೇ ಒಂದು ಕಾಗದವೂ ಬಂತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣಾಧಿಕಾರಿ ಬರುತ್ತಾರೆ. ಅಲ್ಲಿಯವರೆಗೆ ಹೊಸ ದಾಸ್ತಾನನ್ನು ಯಾರಿಗೂ ವಿತರಿಸಕೂಡದು. ಒಂದೇ ಒಂದು ಸಾಮಾನು ಕಡಿಮೆ ಕಂಡರೂ ಈ ಉಗ್ರಾಣವನ್ನು ಮುಚ್ಚಿ ಕೇಂದ್ರ ಉಗ್ರಾಣಕ್ಕೆ ಸೇರಿಸಲಾಗುವುದು, ಉಗ್ರಾಣಿಯನ್ನು ಅಲ್ಲಿನ ನಲವತ್ತು ಗುಮಾಸ್ತರಲ್ಲಿ ಒಬ್ಬನನ್ನಾಗಿ ಮಾಡಲಾಗುವುದು. ಉಗ್ರಾಣಿ ಆ ಕಾಗದವನ್ನು ಮೂರು ಸಲ ಓದಿದ. ರಬ್ಬರು, ಎಣ್ಣೆ, ನುಸಿಗುಳಿಗೆಯ ವಾಸನೆ ಸೇರಿದ ಆ ಎರಡು ಕೋಣೆ ಬಿಟ್ಟು ತನಗೆ ಬೇರೆ ಲೋಕವಿಲ್ಲ ಎಂದು ಅವನಿಗೆ ಅವತ್ತೇ ಗೊತ್ತಾದದ್ದು.

ಅದೇ ಗುರುವಾರ ಬೆಳಿಗ್ಗೆ ಆರಕ್ಕೆ ಮೂವತ್ತು ಕಿಲೋಮೀಟರ್ ನಡಿಗೆ ಸ್ಪರ್ಧೆ! ಭಾಮೈದನ ತುಕಡಿ ಆರು ವರ್ಷದಿಂದ ಬಹುಮಾನದ ಕಪ್ಪು ಬಿಟ್ಟುಕೊಟ್ಟಿರಲಿಲ್ಲ. ಅವರ ಹಳೆಯ ಬೂಟುಗಳೋ, ಅಟ್ಟೆ ಕಿತ್ತು ಆಕಳಿಸುತ್ತಿದ್ದವು. ಮಂಗಳವಾರ ಭಾಮೈದ ಜಾಲರಿ ಕಿಟಕಿಯ ಮುಂದೆ ಬಂದು ನಿಂತ. ಹಿಂದೆ ಜನ ಇದ್ದರು, ಆದ್ದರಿಂದ ಭಾವ ಅನ್ನಲಿಲ್ಲ.

"ಸ್ಟೋರ್ ಸಾಹೇಬ್ರೇ, ಬೂಟು ಬಂದಿದೆಯಂತೆ. ನಮ್ಮ ಹುಡುಗ್ರಿಗೆ ಬೇಕು."

"ಗುರುವಾರ ಮಧ್ಯಾಹ್ನ ಬನ್ನಿ. ಅರ್ಜಿ ಮೂರು ಪ್ರತಿ."

"ಗುರುವಾರ ಮಧ್ಯಾಹ್ನ ತಗೊಂಡು ಏನ್ಮಾಡೋಣ? ನಡಿಗೆ ಇರೋದು ಬೆಳಿಗ್ಗೆ."

"ಏನ್ಮಾಡ್ತೀರೋ ನಿಮಗೆ ಬಿಟ್ಟಿದ್ದು. ಕಾಗದ ಬಂದಿದೆ. ಜಪ್ಪಯ್ಯ ಅಂದ್ರೂ ಕೊಡಲ್ಲ."

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಉಗ್ರಾಣದ ಮುಂಬಾಗಿಲಲ್ಲೇ ಒಬ್ಬ ಸೈನಿಕ ಧೊಪ್ಪನೆ ಬಿದ್ದ. ಪಾದ ನೋಡಿದ ಕೂಡಲೇ ಉಗ್ರಾಣಿಗೆ ಗೊತ್ತಾಯಿತು, ಎಂಟು ಅಗಲ. ಪಾಪ, ಬಿಸಿಲಿಗೆ ತಲೆ ಸುತ್ತಿರಬೇಕು. ಎದ್ದೆನೋ ಬಿದ್ದೆನೋ ಎಂದು ಓಡಿ ನೀರು ತಂದ, ತಲೆಯ ಕೆಳಗೆ ಮಡಿಸಿದ ಕಂಬಳಿ ಇಟ್ಟ, ಕಾಗದದಿಂದ ಗಾಳಿ ಬೀಸಿದ. ಎಂಟು ಅಗಲ ಒಂದು ಕಣ್ಣನ್ನು ಅರ್ಧ ತೆರೆದು ಉಗ್ರಾಣದ ಹಿಂಬದಿಗೆ ನೋಡಿದ, ಮತ್ತೆ ಮುಚ್ಚಿದ. ಹತ್ತು ನಿಮಿಷ ಕಳೆದ ಮೇಲೆ ಚಟ್ಟನೆ ಎದ್ದು, ಥ್ಯಾಂಕ್ಸ್ ಹೇಳಿ, ತಲೆ ಸುತ್ತಿದವನು ಓಡಬಾರದ ವೇಗದಲ್ಲಿ ಓಡಿಹೋದ. ಉಗ್ರಾಣಿ ಒಳಗೆ ಬಂದು ನೋಡಿದರೆ ಹಿಂದಿನ ಕಿಟಕಿ ತೆರೆದಿದೆ. ಹೊರಕೋಣೆಯಲ್ಲಿದ್ದ ಆರು ಚೀಲ ಬೂಟು ಮಾಯ.

ಅವನು ಖಾಲಿ ಜಾಗವನ್ನೊಮ್ಮೆ ನೋಡಿದ. ಆಮೇಲೆ ನಗತೊಡಗಿದ. ಹೊಟ್ಟೆ ಹುಣ್ಣಾಗುವಂತೆ, ಗೋಡೆ ಹಿಡಿದುಕೊಂಡು ನಕ್ಕ. ಏಕೆಂದರೆ ಇಂಥದ್ದು ನಡೆದೇ ನಡೆಯುತ್ತದೆಂದು ಅವನು ಬೂಟು ಬಂದ ದಿನವೇ ಜೊತೆಗಳನ್ನು ಬಿಚ್ಚಿ, ಎಡಗಾಲಿನವನ್ನೆಲ್ಲ ಹೊರಕೋಣೆಯಲ್ಲೂ ಬಲಗಾಲಿನವನ್ನೆಲ್ಲ ಒಳಕೋಣೆಯಲ್ಲೂ ಇಟ್ಟಿದ್ದ. ಅವರು ಹೊತ್ತುಕೊಂಡು ಹೋದದ್ದು ಅರವತ್ತು ಎಡಗಾಲಿನ ಬೂಟು! ಚೀಲ ಹಗುರವಿದೆಯಲ್ಲ ಎಂದು ಒಬ್ಬನಿಗೂ ಹೊಳೆದಿರಲಿಲ್ಲ. ಕಾಲಾಳುಗಳಿಗೆ ಯಾವ ಭಾರವೂ ಭಾರವಲ್ಲವಂತೆ.

ನಗುತ್ತ ನಗುತ್ತಲೇ ಒಳಕೋಣೆಯ ಬೀಗ ತೆಗೆದು ನೋಡಿದ. ಬಲಗಾಲಿನ ಅರವತ್ತೂ ಅಲ್ಲಿದ್ದವು. ಆಗ ನಗು ನಿಂತಿತು. ನಾಳೆ ಹತ್ತಕ್ಕೆ ತಪಾಸಣಾಧಿಕಾರಿಗೆ ತೋರಿಸಲು ಅವನ ಹತ್ತಿರ ಇರುವುದೂ ಅರವತ್ತು ಬಲಗಾಲಿನ ಬೂಟು ಮಾತ್ರ. ಕಳ್ಳತನವಾಯಿತು ಎಂದು ದೂರು ಕೊಟ್ಟರೆ ಭಾಮೈದ ಸೆರೆಮನೆಗೆ, ಕೊಡದಿದ್ದರೆ ಉಗ್ರಾಣ ಕೈಬಿಟ್ಟು ಹೋಗುತ್ತದೆ. ತಲೆ ಮೇಲೆ ಕೈ ಹೊತ್ತು ಚೀಲದ ಮೇಲೆ ಕೂತುಬಿಟ್ಟ.

ಆಚೆ ಬದಿಯಲ್ಲೂ ಅಂಥ ಸಂಭ್ರಮವೇನಿರಲಿಲ್ಲ. ಹಟ ಹಿಡಿದ ಹತ್ತು ಜನ ಎರಡೂ ಕಾಲಿಗೆ ಎಡಗಾಲಿನ ಬೂಟನ್ನೇ ತುರುಕಿಕೊಂಡು ಮೈದಾನದಲ್ಲಿ ನಡೆದು ನೋಡಿದರು. ಸಾಲು ನೆಟ್ಟಗೆ ಹೋಗಲೊಲ್ಲದು. ಎಡಕ್ಕೆ ವಾಲಿ, ಇನ್ನಷ್ಟು ಎಡಕ್ಕೆ ವಾಲಿ, ಅರ್ಧ ಸುತ್ತು ಹೊಡೆದು, ಅಡುಗೆಯವನು ಒಣಹಾಕಿದ್ದ ಬಟ್ಟೆಗಳೊಳಗೆ ನುಗ್ಗಿ ಹಗ್ಗ ಸಮೇತ ಬಿದ್ದರು.

ಮೂರು ಗಂಟೆಗೆ ಭಾಮೈದ ಒಬ್ಬನೇ ಜಾಲರಿ ಕಿಟಕಿಗೆ ಬಂದ. ಒಬ್ಬನೇ ಇದ್ದದ್ದರಿಂದ ಭಾವ ಅಂದ.

"ಭಾವ, ಒಂದು ಮಾತು ಕೇಳ್ಬೇಕಿತ್ತು. ಈಗ ನೋಡಿ, ಯಾರಿಗೋ ಎಲ್ಲೋ ಬೂಟು ಸಿಗುತ್ತೆ ಅಂತಿಟ್ಕೊಳ್ಳಿ. ಅದು ಬರೀ ಎಡಗಾಲಿಂದೇ ಆಗಿದ್ರೆ ಏನ್ಮಾಡೋದು?"

"ನಡೆಯೋದು. ನಿಮ್ಮಲ್ಲಿ ಹೇಗೂ ‘ಎಡಗಾಲು, ಎಡಗಾಲು’ ಅಂತ ತಾನೆ ಕೂಗೋದು?"

"ತಮಾಷೆ ಬೇಡ ಭಾವ. ಬಲಗಾಲಿಂದು ನಿಮ್ಹತ್ರ ಇದ್ರೆ ಕೊಟ್ಬಿಡಿ."

"ಎಡಗಾಲಿಂದು ನಿನ್ಹತ್ರ ಇದ್ರೆ ತಂದಿಟ್ಬಿಡು."

"ನನ್ಹತ್ರ ಇದೆ ಅಂತ ನಾನೆಲ್ಲಿ ಹೇಳ್ದೆ?"

"ನನ್ನ ಸ್ಟೋರಲ್ಲಿ ಏನೋ ಹೋಗಿದೆ ಅಂತ ನಾನೆಲ್ಲಿ ಹೇಳ್ದೆ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಹಿಡಿದ ಪಟ್ಟು ಬಿಡುವ ಜಾತಿ ಎರಡೂ ಅಲ್ಲ. ಭಾಮೈದ ಮೀಸೆ ತಿರುವಿ ಹೋದ, ಆದರೆ ತಿರುವುವುದರಲ್ಲಿ ಹಿಂದಿನ ಜೋರಿರಲಿಲ್ಲ.

ವಿಷಯ ಸಂಜೆಯ ಹೊತ್ತಿಗೆ ಅಡುಗೆಯವನ ಬಾಯಿಂದ ಉಗ್ರಾಣಿಯ ಹೆಂಡತಿಯ ಕಿವಿಗೆ ಬಿತ್ತು. ಅವಳು ಗಂಡ ಮನೆಗೆ ಬರುವುದಕ್ಕೂ ಮೊದಲೇ ತಮ್ಮನನ್ನು ಕರೆಸಿ ಊಟದ ಮೇಜಿನ ಆ ತುದಿಗೆ ಕೂರಿಸಿದ್ದಳು. ಗಂಡ ಬಂದ ಕೂಡಲೇ ಈ ತುದಿಗೆ ಕೂರಿಸಿದಳು. ತಟ್ಟೆ ಇಡಲಿಲ್ಲ.

"ಒಬ್ಬರ ಹತ್ರ ಅರವತ್ತು ಎಡ, ಇನ್ನೊಬ್ಬರ ಹತ್ರ ಅರವತ್ತು ಬಲ," ಎಂದಳು. "ಇಬ್ಬರಿಗೂ ಸೇರಿ ಒಂದು ತಲೆ ಇಲ್ಲ."

"ಅಕ್ಕ, ನಾನು..."

"ನೀನು ಬಾಯಿ ಮುಚ್ಚು. ಕಿಟಕಿಯಿಂದ ಕದಿಯೋಕೆ ಹೋಗಿದ್ದಾನೆ, ಕದಿಯೋದೂ ನೆಟ್ಟಗೆ ಬರಲ್ಲ. ರೀ, ನೀವೂ ನಗಬೇಡಿ. ನಾಳೆ ಸ್ಟೋರು ಹೋದ್ರೆ ಮನೇಲಿ ಕೂತು ನನ್ನ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸ್ತೀರಾ? ಇಷ್ಟು ವರ್ಷ ಆ ರೂಲು ಪುಸ್ತಕಾನ ತಲೆದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ದೀರಲ್ಲ, ಅದರಲ್ಲಿ ಒಂದು ದಾರೀನೂ ಇಲ್ವಾ?"

ಉಗ್ರಾಣಿ ಹೆಂಡತಿಯನ್ನೇ ನೋಡಿದ. ಆಮೇಲೆ ಎದ್ದು ಹೋಗಿ ಆ ಪುಸ್ತಕ ತಂದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ನಲವತ್ತೊಂದನೇ ನಿಯಮಕ್ಕೆ ಬಂದು ನಿಂತ. ಸೈನ್ಯದ ಸಾಮಾನು ಹೇಸರಗತ್ತೆಗಳ ಮೇಲೆ ಹೋಗುತ್ತಿದ್ದ ಕಾಲದಲ್ಲಿ ಬರೆದದ್ದು. ಯಾರೂ ಅಳಿಸಿರಲಿಲ್ಲ. ಗಟ್ಟಿಯಾಗಿ ಓದಿದ: "ಉಗ್ರಾಣಿ, ದಾಸ್ತಾನು ಪುಸ್ತಕ ಮತ್ತು ಬೀಗದ ಕೈ ಎಲ್ಲಿರುತ್ತವೆಯೋ ಅದೇ ಉಗ್ರಾಣವೆಂದು ತಿಳಿಯತಕ್ಕದ್ದು. ಉಗ್ರಾಣಿಯ ಕೂಗಳತೆಯೊಳಗೆ ಇರುವ ಸಾಮಾನೆಲ್ಲವೂ ಉಗ್ರಾಣದ ಒಳಗೇ ಇದ್ದಂತೆ. ಅವನ ಸಮ್ಮುಖದಲ್ಲಿ ಅದನ್ನು ಬಳಸಿ ಪರೀಕ್ಷಿಸಬಹುದು."

ಭಾಮೈದ ತಲೆ ಕೆರೆದುಕೊಂಡ. "ಅಂದ್ರೆ?"

"ಅಂದ್ರೆ ನಾನು ನಿಮ್ಮ ಜೊತೆ ನಡೆದ್ರೆ, ನೀವು ಬೂಟು ಹಾಕ್ಕೊಂಡಿದ್ರೂ ಅದು ಸ್ಟೋರಲ್ಲೇ ಇದೆ ಅಂತ ಲೆಕ್ಕ. ಆದ್ರೆ ಯಾರೂ ಕೂಗಳತೆ ದಾಟಬಾರದು."

"ಮೂವತ್ತು ಕಿಲೋಮೀಟರ್ ಭಾವ. ನೀವಾ?"

"ಯಾಕೆ, ನನಗೂ ಎರಡು ಕಾಲಿದೆ."

ಅವಳು ಈಗ ತಟ್ಟೆ ಇಟ್ಟಳು.

ಬೆಳಿಗ್ಗೆ ಐದಕ್ಕೆ ಅರವತ್ತು ಜನ ಕೈಯಲ್ಲಿ ಒಂದೊಂದು ಎಡಗಾಲಿನ ಬೂಟು ಹಿಡಿದು, ಕದ್ದ ಮಾಲು ಹಿಂದಿರುಗಿಸುವ ಮಕ್ಕಳ ಹಾಗೆ ಪೆಚ್ಚುಮೋರೆ ಹಾಕಿಕೊಂಡು ಜಾಲರಿ ಕಿಟಕಿಯ ಮುಂದೆ ಸಾಲು ನಿಂತರು. ಉಗ್ರಾಣಿ ಯಾರ ನಂಬರನ್ನೂ ಕೇಳಲಿಲ್ಲ. "ನೀನು ಒಂಬತ್ತು ಹಿಡ್ಕೊಂಡಿದೀಯ, ನಿನ್ನದು ಎಂಟೂವರೆ. ಬದಲಾಯಿಸ್ಕೊ. ನಿನಗೆ ಕಿರುಬೆರಳಿನ ಹತ್ರ ಆಣಿ ಇದೆಯಲ್ವಾ? ಅಲ್ಲಿ ಬಡಿದು ಮೆತ್ತಗೆ ಮಾಡಿದೀನಿ, ನೋಡು." ಆಣಿಯವನು ಬೂಟಿನೊಳಗೆ ಕೈಹಾಕಿ ನೋಡಿ ಬೆಪ್ಪಾಗಿ ನಿಂತ. ಎಂಟು ಅಗಲದ ಸರದಿ ಬಂದಾಗ ಉಗ್ರಾಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತಲೆ ಸುತ್ತು ಹೇಗಿದೆ?" ಎಂದ. ಅವನು ನಾಲಿಗೆ ಕಚ್ಚಿಕೊಂಡ.

ಆರು ಗಂಟೆಗೆ ಉಗ್ರಾಣಿ ಬಾಗಿಲಿಗೆ ಬೀಗ ಹಾಕಿ ಒಂದು ಚೀಟಿ ಅಂಟಿಸಿದ: ‘ಉಗ್ರಾಣ ಹೊರಟಿದೆ. ಮಧ್ಯಾಹ್ನದೊಳಗೆ ಬರುತ್ತದೆ. ತುರ್ತಿದ್ದವರು ನದಿಯ ರಸ್ತೆಯಲ್ಲಿ ಸಂಪರ್ಕಿಸುವುದು.’ ದಾಸ್ತಾನು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡ. ಸೊಂಟದಲ್ಲಿ ಬೀಗದ ಕೈ ಗೊಂಚಲು. ಸ್ಪರ್ಧೆಗೆ ಬಂದ ಉಳಿದ ಮೂರು ತಂಡದವರು ಬಿದ್ದು ಬಿದ್ದು ನಕ್ಕರು.

ಮೊದಲ ಹತ್ತು ಕಿಲೋಮೀಟರ್ ಉಗ್ರಾಣಿ ಸಾಲಿನ ನಟ್ಟನಡುವೆ ಝಣಝಣ ಎನ್ನುತ್ತ ನಡೆದ. ಕಾಲಾಳುಗಳು ಸುಮ್ಮನಿರುವ ಪೈಕಿಯೇ? "ಸ್ಟೋರು ಎಷ್ಟೊತ್ತಿಗೆ ತೆರೆಯುತ್ತೆ?" "ಊಟಕ್ಕೆ ಮುಚ್ಚುತ್ತಾ?" "ಸ್ಟೋರಿಗೆ ಬಾಯಾರಿದೆಯಂತೆ, ನೀರು ಕೊಡ್ರೋ!" ಒಬ್ಬನ ಬೂಟಿನ ದಾರ ಕಿತ್ತುಹೋಗಿ ಇನ್ನೊಂದು ಕೇಳಿದ. ಉಗ್ರಾಣಿ ಜೇಬಿನಿಂದ ದಾರವನ್ನೇನೋ ತೆಗೆದ, ಆದರೆ ಪುಣ್ಯಾತ್ಮ ನಡೆಯುತ್ತಲೇ ಪುಸ್ತಕ ಬಿಚ್ಚಿ, ಮುಂದಿನವನ ಬೆನ್ನಿನ ಮೇಲಿಟ್ಟು, ಅವನಿಂದ ಸಹಿ ಹಾಕಿಸಿಕೊಂಡ ಮೇಲೆಯೇ ಕೊಟ್ಟ. ಅರವತ್ತು ಜನ ಕೇಕೆ ಹಾಕಿ ನಕ್ಕರು. ನಗುನಗುತ್ತಲೇ ಉಳಿದ ತಂಡಗಳನ್ನು ಹಿಂದೆ ಹಾಕಿದರು.

ಹದಿನೈದಕ್ಕೆ ಝಣಝಣ ನಿಧಾನವಾಯಿತು. ಹದಿನೆಂಟಕ್ಕೆ ಉಗ್ರಾಣಿ ಹಲ್ಲು ಕಚ್ಚಿ ನಡೆಯುತ್ತಿದ್ದ. ಇಪ್ಪತ್ತೊಂದನೇ ಕಿಲೋಮೀಟರ್ ಕಲ್ಲಿನ ಹತ್ತಿರ ಕಾಲು ಮುಂದಕ್ಕೆ ಬರಲಿಲ್ಲ. ಕಲ್ಲಿನ ಮೇಲೆಯೇ ಕುಸಿದು ಕೂತ. ಸಾಲು ನಿಂತಿತು. ಹಿಂದಿನ ತಿರುವಿನಲ್ಲಿ ಗ್ಯಾರೇಜಿನ ಡ್ರೈವರುಗಳ ತಂಡ ಕಾಣಿಸಿತು.

"ನೀವು ಹೋಗ್ರಪ್ಪ," ಎಂದ ಉಗ್ರಾಣಿ. "ನಿಲ್ಲಬೇಡಿ, ಕಪ್ಪು ಹೋಗುತ್ತೆ."

"ನಾವು ಹೋದ್ರೆ ಕೂಗಳತೆ ದಾಟುತ್ತೆ ಭಾವ," ಎಂದ ಭಾಮೈದ. ಅರವತ್ತು ಜನರ ಮುಂದೆ ಭಾವ ಅಂದದ್ದು ಅವನಿಗೇ ಗೊತ್ತಾಗಲಿಲ್ಲ. "ಸ್ಟೋರು ಹೋಗುತ್ತೆ."

"ಹೋಗ್ಲಿ ಬಿಡು. ಇಪ್ಪತ್ತೆರಡು ವರ್ಷ ನೋಡ್ಕೊಂಡಿದ್ದೀನಿ, ಸಾಕು. ಆರು ವರ್ಷದ ಕಪ್ಪು ನನ್ನಿಂದ ಹೋಯ್ತು ಅಂತ ಆಗಬಾರದು." ಉಗ್ರಾಣ ಬಿಟ್ಟುಕೊಡುವುದೆಂದರೆ ಅವನಿಗೆ ಕರುಳು ಕಿತ್ತುಕೊಟ್ಟ ಹಾಗೆ.

ಭಾಮೈದ ಮಂಡಿಯೂರಿ, ಗುಳ್ಳೆ ನೋಡೋಣವೆಂದು ಭಾವನ ಬೂಟು ಎಳೆದ. ಬೂಟು ಬಂತು. ಅಟ್ಟೆ ಉಗ್ರಾಣಿಯ ಕಾಲಲ್ಲೇ ಉಳಿಯಿತು. ನೋಡಿದರೆ ಅದು ಅಟ್ಟೆಯೂ ಅಲ್ಲ, ಬೂಟಿನ ಪೆಟ್ಟಿಗೆಯ ರಟ್ಟನ್ನು ಪಾದದ ಆಕಾರಕ್ಕೆ ಕತ್ತರಿಸಿ ನಾಲ್ಕು ಮಡಿಕೆ ಮಾಡಿ ಒಳಗೆ ಇಟ್ಟುಕೊಂಡದ್ದು. ರಟ್ಟು ಒದ್ದೆಯಾಗಿ ಕೆಂಪಾಗಿತ್ತು. ಬೂಟಿನ ತಳದಲ್ಲಿ ಹೊಲಿಗೆಯ ಮೇಲೆ ಹೊಲಿಗೆ, ತೇಪೆಯ ಮೇಲೆ ತೇಪೆ.

"ಇದೇನು ಭಾವ? ಸ್ಟೋರೇ ನಿಮ್ಮ ಕೈಯಲ್ಲಿದೆಯಲ್ಲ!"

ಉಗ್ರಾಣಿ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡ. "ನನ್ನದು ಏಳನೇ ನಂಬರು, ಅದು ಯಾವಾಗ್ಲೂ ಕಡಿಮೆ ಬರುತ್ತೆ. ನಿಮ್ಮ ಪಡೇಲೇ ಒಂಬತ್ತು ಜನ ಏಳನೇ ನಂಬರಿನವರಿದ್ದಾರೆ. ನಡೆಯೋರು ನೀವು. ನಾನು ನೆರಳಲ್ಲಿ ಕೂತಿರೋನು, ನನಗ್ಯಾಕೆ ಹೊಸದು?"

ಏಳನೇ ನಂಬರಿನ ಒಂಬತ್ತು ಜನ ತಮ್ಮ ಕಾಲನ್ನೇ ನೋಡಿಕೊಂಡರು. ಅಷ್ಟರಲ್ಲಿ ಡ್ರೈವರುಗಳ ತಂಡ ಹಾರನ್ನಿನ ಸದ್ದನ್ನು ಬಾಯಲ್ಲೇ ಮಾಡುತ್ತ ಪಕ್ಕದಿಂದ ದಾಟಿ ಹೋಯಿತು. ಭಾಮೈದ ಆ ಕಡೆ ತಿರುಗಿಯೂ ನೋಡಲಿಲ್ಲ. "ಎರಡು ಗಳ ತನ್ರೋ," ಎಂದ. "ಅಂಗಿ ಬಿಚ್ಚಿ."

ಹತ್ತೂವರೆಗೆ ತಪಾಸಣಾಧಿಕಾರಿಯ ಜೀಪು ಧೂಳೆಬ್ಬಿಸಿಕೊಂಡು ಬಂತು. ಬಾಗಿಲ ಮೇಲಿನ ಚೀಟಿ ಅವರ ಕೈಯಲ್ಲೇ ಇತ್ತು, ಮುಖ ಕೆಂಡವಾಗಿತ್ತು. ರಸ್ತೆಯಲ್ಲಿ ಕಂಡದ್ದೇನೆಂದರೆ, ಅಂಗಿಯಿಲ್ಲದ ಎಂಟು ಜನ ಗಳಕ್ಕೆ ಅಂಗಿ ಕಟ್ಟಿ ಮಾಡಿದ ಡೋಲಿ ಹೊತ್ತಿದ್ದಾರೆ, ಉಳಿದವರು ಸುತ್ತ ಕಾವಲಿನಂತೆ ನಡೆದಿದ್ದಾರೆ, ಒಳಗೆ ಪುಸ್ತಕವನ್ನು ಎದೆಗವಚಿಕೊಂಡ ಒಬ್ಬ ಮಲಗಿಕೊಂಡೇ ಸೆಲ್ಯೂಟ್ ಹೊಡೆಯುತ್ತಿದ್ದಾನೆ.

"ಏನ್ರೀ ಇದು? ಉಗ್ರಾಣ ಎಲ್ಲಿ?"

"ಇದೇ ಸಾರ್," ಎಂದ ಭಾಮೈದ ಹೆಜ್ಜೆ ತಪ್ಪದೆ. "ನಾವು ಹೊತ್ಕೊಂಡಿದ್ದೀವಲ್ಲ."

ಉಗ್ರಾಣಿ ಮಲಗಿದಲ್ಲಿಂದಲೇ ನಲವತ್ತೊಂದನೇ ನಿಯಮವನ್ನು ಬಾಯಿಪಾಠ ಒಪ್ಪಿಸಿದ. ಅಧಿಕಾರಿ ಜೀಪಿನಲ್ಲಿದ್ದ ತಮ್ಮ ಪುಸ್ತಕ ತೆಗೆದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಆಮೇಲೆ ಜೀಪನ್ನು ನಡಿಗೆಯ ವೇಗಕ್ಕೆ ಇಳಿಸಿ, ಬಾಗಿಲಿನಿಂದ ಹೊರಕ್ಕೆ ಬಾಗಿ ಬೂಟು ಎಣಿಸತೊಡಗಿದರು. ನಡೆಯುವ ಕಾಲು ಎಣಿಸುವುದೆಂದರೆ ಸುಮ್ಮನೆಯೇ? ಮೂರು ಸಲ ತಪ್ಪಿತು. ಒಮ್ಮೆ ನೂರಹತ್ತೊಂಬತ್ತು ಬಂತು, ಆಗ ಉಗ್ರಾಣಿಯ ಪ್ರಾಣವೇ ಬಾಯಿಗೆ ಬಂದಿತ್ತು. ನಾಲ್ಕನೇ ಸಲಕ್ಕೆ ನೂರಿಪ್ಪತ್ತಕ್ಕೆ ನಿಂತಿತು. ಎಲ್ಲ ಸರಿಯಿದೆ ಎಂದು ಬರೆದು, ಡೋಲಿಯೊಳಕ್ಕೆ ಪುಸ್ತಕ ಚಾಚಿ ಸಹಿ ಪಡೆದು, ಅಧಿಕಾರಿ ಹೋದರು. ಉಗ್ರಾಣ ಉಳಿಯಿತು. ಉಗ್ರಾಣಿ ಪುಸ್ತಕದಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತ.

ಕಪ್ಪು ಉಳಿಯಲಿಲ್ಲ. ಆರು ವರ್ಷ ಗೆದ್ದ ತುಕಡಿ ನಾಲ್ಕು ತಂಡಗಳಲ್ಲಿ ನಾಲ್ಕನೆಯದಾಗಿ ಬಂತು. ಕಪ್ಪು ಗೆದ್ದದ್ದು ಡ್ರೈವರುಗಳು, ಹುಟ್ಟಿದಾರಭ್ಯ ಅಷ್ಟು ದೂರ ನಡೆಯದವರು. ಗೆರೆಯ ಹತ್ತಿರ ಕಾಯುತ್ತಿದ್ದ ಉಗ್ರಾಣಿಯ ಹೆಂಡತಿ ಡೋಲಿಯನ್ನು ಕಂಡವಳೇ ಎದೆ ಒಡೆದುಕೊಂಡು ಓಡಿ ಬಂದಳು.

"ಅಯ್ಯೋ, ಏನಾಯ್ತೋ ಇವರಿಗೆ?"

"ಏನೂ ಆಗಿಲ್ಲ ಅಕ್ಕ," ಎಂದ ತಮ್ಮ. ತನ್ನ ಕುತ್ತಿಗೆಗೆ ದಾರದಿಂದ ನೇತುಹಾಕಿಕೊಂಡಿದ್ದ ಆ ತೇಪೆಯ ಬೂಟುಗಳನ್ನು ತೆಗೆದು, ತಳ ಕಾಣುವ ಹಾಗೆ ಎತ್ತಿ ಹಿಡಿದ. ಮೈದಾನದಲ್ಲಿ ಕರ್ನಲ್ ಇದ್ದರು, ಡ್ರೈವರುಗಳಿದ್ದರು, ಅಡುಗೆಯವನಿದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಭಾವ ಇದರಲ್ಲಿ ಇಪ್ಪತ್ತೊಂದು ಕಿಲೋಮೀಟರ್ ನಡೆದಿದ್ದಾರೆ. ನಮ್ಮ ಅರವತ್ತು ಜನದಲ್ಲಿ ಒಬ್ಬನ ಕೈಲೂ ಆಗ್ತಿರಲಿಲ್ಲ."

ಹೊತ್ತಿದ್ದ ಎಂಟು ಜನ ಡೋಲಿಯನ್ನು ಇನ್ನೂ ಕೆಳಗಿಳಿಸಿರಲಿಲ್ಲ. ಎಂಟು ಅಗಲ ಅಂಗೈಯಿಂದ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಡೋಲಿಯೊಳಗಿಂದ ಕ್ಷೀಣವಾದ ಒಂದು ಧ್ವನಿ ಬಂತು.

"ಲೋ, ಅದನ್ನ ಎಲ್ಲೂ ಎಸೆದುಬಿಡಬೇಡಪ್ಪ. ಹೊಲಿಸಿದ್ರೆ ಇನ್ನೂ ಆರು ತಿಂಗಳು ಬರುತ್ತೆ."